ಹೊಸ ಶೆಡ್, ಹೊಸ ದರ, ಟ್ಯಾಂಕಿನ ಕೆಳಗಿನ ಮಣ್ಣು: ನಮ್ಮ ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕ ಮಿತ್ರರೇ,

ನಮಸ್ಕಾರ.

2026ರ ಏಪ್ರಿಲ್ 1ರಿಂದ ನಮ್ಮ ಪ್ಲೇಟಿಂಗ್ ಘಟಕ ಪೀಣ್ಯದಲ್ಲೇ ಬೇರೊಂದು ಶೆಡ್ಡಿಗೆ ಹೋಗುತ್ತಿದೆ. ಅಂದಿನಿಂದಲೇ ಜಿಂಕ್ ಪ್ಲೇಟಿಂಗ್ ಜಾಬ್ ವರ್ಕ್ ದರ ಕಿಲೋಗೆ 2 ರೂಪಾಯಿ 50 ಪೈಸೆ ಏರುತ್ತದೆ. ಹಳೆಯ ಬಗೆಯ ಯೆಲ್ಲೋ ಪಾಸಿವೇಶನ್ (ಜಿಂಕ್ ಮೇಲೆ ತುಕ್ಕು ತಡೆಯಲು ಕೊಡುವ ಹಳದಿ ಕ್ರೋಮಿಯಂ ಲೇಪ) ನಿಲ್ಲುತ್ತದೆ. ಏರಿದ ದರದಲ್ಲಿ 1 ರೂಪಾಯಿಯನ್ನು ಬಿಲ್ಲಿನಲ್ಲಿ ‘ಮಣ್ಣಿನ ನಿಧಿ’ ಎಂದು ಬೇರೆಯೇ ಸಾಲಿನಲ್ಲಿ ತೋರಿಸುತ್ತೇವೆ. ಬೋಲ್ಟಿಗೆ ಲೇಪ ಕೊಡುವವರಿಗೂ ಮಣ್ಣಿಗೂ ಏನು ಸಂಬಂಧ ಎಂದು ಈಗಾಗಲೇ ಕೆಲವರು ಫೋನಿನಲ್ಲಿ ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ.

ಹೊಸ ಜಾಗ ಹುಡುಕುವಾಗ ಮೊದಲು ನಮಗೆ ಹಿಡಿಸಿದ್ದು ಈಗಿನದಕ್ಕಿಂತ ಕಡಿಮೆ ಬಾಡಿಗೆಯ ಒಂದು ಶೆಡ್. ಕರೆಂಟ್ ಲೋಡ್ ಚೆನ್ನಾಗಿತ್ತು, ಟೆಂಪೋ ಬಾಗಿಲ ತನಕ ಬರುತ್ತಿತ್ತು. ಹಿಂದೆ ಅಲ್ಲಿದ್ದವರೂ ಪ್ಲೇಟಿಂಗ್ ಮಾಡುತ್ತಿದ್ದವರೇ. ಅಡ್ವಾನ್ಸ್ ಕೊಡುವ ಮುನ್ನ ನೆಲ ಕೊರೆಸಿ ಮಣ್ಣು ತೆಗೆಸಿದೆವು. ಕಾಂಕ್ರೀಟಿನ ಮೇಲ್ಮೈಯನ್ನು ಆಸಿಡ್ ತಿಂದುಹಾಕಿ ಜಲ್ಲಿ ಎದ್ದು ಕಾಣುತ್ತಿತ್ತು. ಟ್ಯಾಂಕ್ ನಿಂತಿದ್ದ ಮೂಲೆಯಲ್ಲಿ ಎರಡು ಹಾಸುಗಳ ನಡುವಿನ ಬಿರುಕಿನುದ್ದಕ್ಕೂ ಅರಿಸಿನ ಬಣ್ಣದ ಕಲೆ. ಕೆಳಗಿನ ಮಣ್ಣೂ ಅದೇ ಬಣ್ಣಕ್ಕೆ ತಿರುಗಿತ್ತು. ಲ್ಯಾಬಿನವರು ಅದನ್ನು ಗಾಜಿನ ಶೀಸೆಗೆ ತುಂಬಿ ಐಸ್ ಡಬ್ಬಿಯಲ್ಲಿ ಒಯ್ದರು. ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದರೆ ಆ ಹಳದಿ ಲೇಪದಲ್ಲಿ ಬಳಸುವ ವಿಷಕಾರಿ ಕ್ರೋಮಿಯಂ, ಕೆಳಗಿನ ಪದರದವರೆಗೂ ಇಳಿದಿದೆ ಎಂದು ವರದಿ ಬಂತು. ಜಾಗದ ಮಾಲೀಕರನ್ನು ಕೇಳಿದರೆ ಹಿಂದಿನ ಬಾಡಿಗೆದಾರರನ್ನು ಕೇಳಿ ಅಂದರು. ಆ ಬಾಡಿಗೆದಾರರು ಘಟಕ ಮುಚ್ಚಿ ಹೋಗಿದ್ದಾರೆ. ನಾವು ಆ ಶೆಡ್ ಬಿಟ್ಟೆವು. ಈಗ ಹೋಗುತ್ತಿರುವ ಜಾಗಕ್ಕೆ ಬಾಡಿಗೆ ಹೆಚ್ಚು, ಆದರೆ ಮಣ್ಣಿನ ವರದಿ ಸ್ವಚ್ಛವಾಗಿದೆ. ಆ ವರದಿಯನ್ನು ಬಾಡಿಗೆ ಕರಾರಿಗೆ ಲಗತ್ತಿಸಿ ಇಬ್ಬರೂ ಸಹಿ ಮಾಡಿದ್ದೇವೆ.

ಈ ಒಂದು ಹಾಳೆಯ ಬೆಲೆ ಗೊತ್ತಾಗಬೇಕಾದರೆ ಕಾನೂನು ಏನು ಹೇಳುತ್ತದೆ ಎಂದು ನೋಡಬೇಕು. ರಾಜಸ್ಥಾನದ ಉದಯಪುರದ ಹತ್ತಿರ ಬಿಚ್ಚರಿ ಎಂಬ ಹಳ್ಳಿಯಿದೆ. ಬಣ್ಣದ ಉದ್ಯಮಕ್ಕೆ ಬೇಕಾದ ಎಚ್ ಆಸಿಡ್ ತಯಾರಿಸುತ್ತಿದ್ದ ಕಾರ್ಖಾನೆಗಳ ಸ್ಲಡ್ಜ್ (ಕೆಸರಿನಂಥ ತ್ಯಾಜ್ಯ) ಅಲ್ಲಿನ ಮಣ್ಣಿಗಿಳಿದು ಬಾವಿಗಳ ನೀರು ಕಪ್ಪಾಯಿತು. 1996ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ನಮ್ಮಂಥ ಪ್ರತಿ ಘಟಕಕ್ಕೂ ಅನ್ವಯಿಸುತ್ತದೆ: ಅಪಾಯಕಾರಿ ಕೆಲಸ ನಡೆಸುವವನು ಎಷ್ಟೇ ಎಚ್ಚರ ವಹಿಸಿದ್ದರೂ ಆದ ಹಾನಿಗೆ ಅವನೇ ಹೊಣೆ, ಮಣ್ಣು ನೀರನ್ನು ಮೊದಲಿನಂತೆ ಮಾಡುವ ಖರ್ಚೂ ಅವನದೇ. ಆ ಪ್ರಕರಣದಲ್ಲಿ ಶುದ್ಧೀಕರಣಕ್ಕೆ ಲೆಕ್ಕ ಹಾಕಿದ ಮೊತ್ತ 37.385 ಕೋಟಿ ರೂಪಾಯಿ. ಕಾರ್ಖಾನೆಯವರು ಅರ್ಜಿ ಮೇಲೆ ಅರ್ಜಿ ಹಾಕುತ್ತಾ ವರ್ಷಗಳನ್ನು ದೂಡಿದರು. 2011ರಲ್ಲಿ ಕೋರ್ಟ್ ಅದೇ ಮೊತ್ತಕ್ಕೆ 1997ರ ನವೆಂಬರಿನಿಂದ ಲೆಕ್ಕ ಹಿಡಿದು ಶೇಕಡಾ 12 ಚಕ್ರಬಡ್ಡಿ ಸೇರಿಸಿ ಕಟ್ಟಲು ಹೇಳಿತು. ಹದಿನಾಲ್ಕು ವರ್ಷದ ಚಕ್ರಬಡ್ಡಿ ಅಸಲನ್ನು ಎಲ್ಲಿಗೆ ಮುಟ್ಟಿಸುತ್ತದೆ ಎಂಬುದನ್ನು ವ್ಯಾಪಾರಸ್ಥರಾದ ನಿಮಗೆ ಹೇಳಬೇಕಾಗಿಲ್ಲ. ಇತ್ತ ಹಳ್ಳಿಯವರು ಆ ವರ್ಷಗಳನ್ನೆಲ್ಲ ಕೆಟ್ಟ ಬಾವಿಗಳ ಜೊತೆಗೇ ಕಳೆದರು.

2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯಲ್ಲಿ ‘ಮಾಲಿನ್ಯ ಮಾಡಿದವರೇ ತೆರಬೇಕು’ ಎಂಬ ತತ್ವ ಅಕ್ಷರದಲ್ಲೇ ಇದೆ. ಅಪಾಯಕಾರಿ ತ್ಯಾಜ್ಯದ 2016ರ ನಿಯಮಗಳಲ್ಲೂ ತ್ಯಾಜ್ಯ ಹುಟ್ಟಿಸಿದ ಘಟಕವೇ ಹೊಣೆ. ಇಷ್ಟಾದರೂ ಹಳೆಯ ಜಾಗಗಳಿಗೆಂದೇ ದೇಶದಲ್ಲಿ ಒಂದು ವಿಧಾನ ಇರಲಿಲ್ಲ. 2025ರ ಜುಲೈಯಲ್ಲಿ ಕೇಂದ್ರ ಸರ್ಕಾರ ಕಲುಷಿತ ತಾಣಗಳ ನಿರ್ವಹಣೆಗೆ ಹೊಸ ನಿಯಮಗಳನ್ನು ತಂದಿತು. ಇದರ ಪ್ರಕಾರ ಜಿಲ್ಲಾಡಳಿತ ಅನುಮಾನವಿರುವ ಜಾಗಗಳ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಕೊಡಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ಪರೀಕ್ಷೆ ಮುಗಿಸಿ, ಆಮೇಲೆ ಮೂರು ತಿಂಗಳಲ್ಲಿ ವಿವರವಾದ ಸಮೀಕ್ಷೆ ಮಾಡಬೇಕು. ಹೊಣೆ ಯಾರದೆಂದು ಗುರುತಿಸುವುದಕ್ಕೂ ಮಂಡಳಿಗೆ 90 ದಿನಗಳ ಗಡುವಿದೆ. ಗುರುತಾದವರು ಶುದ್ಧೀಕರಣದ ಖರ್ಚು ಕೊಡಬೇಕು. ಯಾರೂ ಸಿಗದಿದ್ದರೆ ಕೇಂದ್ರ, ರಾಜ್ಯ ಸರ್ಕಾರಗಳು ಭರಿಸಬೇಕು, ಎಂದರೆ ನೀವು ನಾವೆಲ್ಲ. ದೇಶದಲ್ಲಿ ಇಂಥವೆಂದು ಗುರುತಿಸಿದ್ದ 103 ತಾಣಗಳಲ್ಲಿ ಆ ಹೊತ್ತಿಗೆ ಶುದ್ಧೀಕರಣ ಶುರುವಾಗಿದ್ದದ್ದು ಕೇವಲ 7ರಲ್ಲಿ.

ಯಾರೂ ಸಿಗದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಕಸುಬಿನದೇ ಉದಾಹರಣೆ ಪಕ್ಕದ ತಮಿಳುನಾಡಿನ ರಾಣಿಪೇಟೆಯಲ್ಲಿದೆ. ಅಲ್ಲಿನ ಕ್ರೋಮೇಟ್ ಕಾರ್ಖಾನೆ 1990ರ ದಶಕದ ನಡುವೆ ಬಾಗಿಲು ಹಾಕಿತು. ಎರಡು ಲಕ್ಷ ಟನ್ನಿಗೂ ಮಿಕ್ಕ ಕ್ರೋಮಿಯಂ ತ್ಯಾಜ್ಯ ಅಲ್ಲೇ ಉಳಿಯಿತು. ಪ್ರತಿ ಮಳೆಗೂ ಹಳದಿ ನೀರು ಹರಿಯುವ ಆ ಗುಡ್ಡವನ್ನು ಯಾರ ದುಡ್ಡಿನಲ್ಲಿ ತೆಗೆಯುವುದು ಎಂಬ ಚರ್ಚೆ ದಶಕಗಟ್ಟಲೆ ನಡೆದಿದೆ.

ನಮ್ಮ ಪೀಣ್ಯವೂ ಇದರಿಂದ ಹೊರತಲ್ಲ. ಇಲ್ಲಿನ ಕೊಳವೆ ಬಾವಿಗಳಲ್ಲಿ ಕ್ರೋಮಿಯಂ ಇರುವುದು ಎಷ್ಟೋ ಅಧ್ಯಯನಗಳಲ್ಲಿ ದಾಖಲಾಗಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಇಟ್ಟಿರುವ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ನಮ್ಮ ಟ್ಯಾಂಕಿನ ದ್ರಾವಣದಲ್ಲಿ ಅದು ಲೀಟರಿಗೆ ಗ್ರಾಂಗಳ ಲೆಕ್ಕದಲ್ಲಿರುತ್ತದೆ. ಹಾಗಾಗಿ ಒಂದು ಬಕೆಟ್ ಸೋರಿದರೂ ಅದು ದೊಡ್ಡ ಸೋರಿಕೆಯೇ. ನಮ್ಮ ಘಟಕದಲ್ಲಿ ದುಡಿಯುವ ಹುಡುಗರ ಮನೆಗಳು ಇಲ್ಲೇ ಸುತ್ತಮುತ್ತ ಇವೆ. ಅವರ ಮನೆಯ ನಲ್ಲಿಯಲ್ಲಿ ಬರುವ ನೀರಿನ ವಿಷಯವಿದು.

ಈಗ ದರದ ಲೆಕ್ಕಕ್ಕೆ ಬರೋಣ. 1 ರೂಪಾಯಿ 50 ಪೈಸೆ ಹೆಚ್ಚಿನ ಬಾಡಿಗೆಗೂ ಹೊಸ ನೆಲಕ್ಕೂ ಹೋಗುತ್ತದೆ. ಹೊಸ ಶೆಡ್ಡಿನಲ್ಲಿ ಟ್ಯಾಂಕುಗಳನ್ನು ನೆಲದ ಮೇಲೆ ಕೂರಿಸದೆ ಸ್ಟ್ಯಾಂಡಿನ ಮೇಲೆ ಎತ್ತಿ ಇಡುತ್ತಿದ್ದೇವೆ. ತಳದಲ್ಲಿ ಒಂದು ಹನಿ ಜಿನುಗಿದರೂ ಬಗ್ಗಿ ನೋಡಿದವರಿಗೆ ಕಾಣಬೇಕು. ಕೆಳಗೆ ಫೈಬರ್ ಲೈನಿಂಗ್ ಹಾಕಿದ ನೆಲ, ಸುತ್ತ ಗಿಡ್ಡ ಕಟ್ಟೆ. ಚೆಲ್ಲಿದ್ದೆಲ್ಲ ಇಟಿಪಿಯ (ಕೊಳಕು ನೀರು ಶುದ್ಧಮಾಡುವ ಘಟಕದ) ಗುಂಡಿಗೇ ಇಳಿಯಬೇಕು. ಅಲ್ಲಿ ಸುಣ್ಣ ಹಾಕಿದ ಮೇಲೆ ಕ್ರೋಮಿಯಂ ಸ್ಲಡ್ಜ್ ಆಗಿ ತಳಕ್ಕೆ ಕೂರುತ್ತದೆ. ಆ ಸ್ಲಡ್ಜನ್ನು 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳದೆ ಮ್ಯಾನಿಫೆಸ್ಟ್ (ತ್ಯಾಜ್ಯ ಎಲ್ಲಿಂದ ಎಲ್ಲಿಗೆ ಹೋಯಿತೆಂಬ ದಾಖಲೆ ಚೀಟಿ) ಸಮೇತ ದಾಬಸ್‌ಪೇಟೆಯ ವಿಲೇವಾರಿ ಕೇಂದ್ರಕ್ಕೆ ಕಳಿಸುತ್ತೇವೆ. ಕಡಿಮೆ ರೇಟಿಗೆ ಪ್ಲೇಟಿಂಗ್ ಮಾಡಿಕೊಡುತ್ತೇವೆ ಎನ್ನುವ ಯಾರೇ ಆಗಲಿ, ಅವರ ಮ್ಯಾನಿಫೆಸ್ಟ್ ಪ್ರತಿಯನ್ನು ಒಮ್ಮೆ ಕೇಳಿ ನೋಡಿ.

ಉಳಿದ 1 ರೂಪಾಯಿ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹೋಗುತ್ತದೆ. ವರ್ಷಕ್ಕೊಮ್ಮೆ ಮಣ್ಣು, ನೀರಿನ ಪರೀಕ್ಷೆಯ ಖರ್ಚು ಅದರಿಂದ. ಮುಂದೆ ಜಾಗ ಬಿಡುವಾಗ ನೆಲದಡಿ ಏನಾದರೂ ಸಿಕ್ಕರೆ ಅಗೆದು ಸಾಗಿಸುವ ಖರ್ಚೂ ಅದರಿಂದಲೇ. ಇದಕ್ಕೆ ವಿಮೆ ಮಾಡಿಸಬಾರದೇ ಎಂದು ನೀವು ಕೇಳಬಹುದು. ಸಾಮಾನ್ಯ ಪಾಲಿಸಿಗಳು ಹಠಾತ್ ಅಪಘಾತಕ್ಕೆ ಹಣ ಕೊಡುತ್ತವೆ. ವರ್ಷಗಟ್ಟಲೆ ನಿಧಾನ ಸೋರಿದ್ದನ್ನು ಬಹುತೇಕ ಹೊರಗಿಡುತ್ತವೆ. ಬಾಡಿಗೆ ಕರಾರಿನಲ್ಲಿ ಏನೇ ಬರೆದುಕೊಂಡರೂ ಅದು ನಮ್ಮ ಮತ್ತು ಮಾಲೀಕರ ನಡುವಿನ ಹಂಚಿಕೆ ಮಾತ್ರ. ಮಂಡಳಿಯ ಮುಂದೆ ಅದನ್ನು ಹಿಡಿದು ಜಾರಿಕೊಳ್ಳಲಾಗದು. ಹಣ ಕೈಯಲ್ಲಿ ಇರುವುದೊಂದೇ ದಾರಿ. ನಿಧಿಯ ಜಮಾ ಖರ್ಚನ್ನೂ ಪರೀಕ್ಷೆಯ ವರದಿಯನ್ನೂ ಪ್ರತಿ ಏಪ್ರಿಲ್‌ನಲ್ಲಿ ನಿಮಗೆ ಕಳಿಸುತ್ತೇವೆ. ಬಳಕೆಯಾಗದೆ ಉಳಿದದ್ದು ನಮ್ಮ ಲಾಭಕ್ಕೆ ಸೇರುವುದಿಲ್ಲ, ನಿಧಿಯಲ್ಲೇ ಇರುತ್ತದೆ. ಇದೂ ಬಿಲ್ಲಿನ ಭಾಗವಾದ್ದರಿಂದ ಜಿಎಸ್‌ಟಿ ಅದರ ಮೇಲೂ ಬೀಳುತ್ತದೆ.

ಹಳೆಯ ಶೆಡ್ಡಿನ ಟ್ಯಾಂಕುಗಳನ್ನು ಎತ್ತಿದ ಮೇಲೆ ಅಲ್ಲಿಯ ನೆಲವನ್ನೂ ಕೊರೆಸಿ ಪರೀಕ್ಷೆ ಮಾಡಿಸಿ, ಬೇಕಾದ ಶುದ್ಧೀಕರಣ ಮಾಡಿಸಿಯೇ ಬೀಗದ ಕೈ ಕೊಡುತ್ತೇವೆ. ಅದರ ಖರ್ಚು ಸಂಪೂರ್ಣ ನಮ್ಮದು. ನಿಮ್ಮ ಬಿಲ್ಲಿಗೆ ಅದರ ಒಂದು ಪೈಸೆಯೂ ಬರುವುದಿಲ್ಲ.

ಯೆಲ್ಲೋ ಪಾಸಿವೇಶನ್ ಬದಲು ಟ್ರೈವೇಲೆಂಟ್ (ಕ್ರೋಮಿಯಂನ ಕಡಿಮೆ ವಿಷದ ಬಗೆ) ಕೊಡುತ್ತೇವೆ. ಬಣ್ಣ ಹಿಂದಿನಷ್ಟು ಗಾಢ ಹಳದಿ ಇರುವುದಿಲ್ಲ, ತುಸು ನೀಲಿ ಮಿಂಚು ಇರುತ್ತದೆ. ಸೀಲರ್ ಹಾಕಿದ ಮಾಲು ಸಾಲ್ಟ್ ಸ್ಪ್ರೇ ಪರೀಕ್ಷೆಯಲ್ಲಿ (ಉಪ್ಪುನೀರು ಸಿಂಪಡಿಸಿ ತುಕ್ಕು ನೋಡುವುದು) ಹಳೆಯದಕ್ಕೆ ಸರಿಸಮ ನಿಲ್ಲುತ್ತದೆ. ಯುರೋಪಿಗೆ ಎಲೆಕ್ಟ್ರಿಕಲ್ ಬಿಡಿಭಾಗ ಕಳಿಸುವವರಿಗಂತೂ ಹೆಕ್ಸಾವೇಲೆಂಟ್ ಮೇಲೆ 2006ರಿಂದಲೇ ನಿರ್ಬಂಧವಿದೆ. ನಿಮ್ಮ ಪಾರ್ಟಿ ಹಳದಿಯೇ ಬೇಕು ಎಂದು ಪಟ್ಟು ಹಿಡಿದರೆ ಮೊದಲು ಸ್ಯಾಂಪಲ್ ಪೀಸ್ ಕೊಡಿಸಿ, ಮಾಡಿ ತೋರಿಸುತ್ತೇವೆ.

ನಿಮ್ಮಿಂದ ಒಂದೇ ಕೋರಿಕೆ. ಕೂಲೆಂಟ್, ಎಣ್ಣೆ ತೊಟ್ಟಿಕ್ಕುವ ಮಾಲನ್ನು ಗೋಣಿಚೀಲದಲ್ಲಿ ಕಳಿಸಬೇಡಿ. ನಿಮ್ಮಲ್ಲೇ ಟ್ರೇ ಮೇಲೆ ಬಸಿಯಲು ಬಿಟ್ಟು ಕ್ರೇಟಿನಲ್ಲಿ ಕಳಿಸಿ. ನಿಮ್ಮ ಶೆಡ್ಡಿನ ಕೆಳಗೂ ಮಣ್ಣೇ ಇದೆ.

ಮಾರ್ಚ್ 23ರಿಂದ 31ರವರೆಗೆ ಹೊಸ ಮಾಲು ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಮುಂಚೆ ಚಲನ್ ಆದದ್ದೆಲ್ಲ ಹಳೆಯ ದರಕ್ಕೇ. ವರ್ಷದ ಒಪ್ಪಂದ ಇರುವವರಿಗೆ ಅವಧಿ ಮುಗಿಯುವ ತನಕ ಹಳೆಯ ದರವೇ ನಡೆಯುತ್ತದೆ; ಅವರ ಪಾಲಿನ ನಿಧಿಯನ್ನು ನಾವು ತುಂಬುತ್ತೇವೆ. ಹೊಸ ಶೆಡ್ಡಿನ ಮಣ್ಣಿನ ವರದಿ ಆಫೀಸಿನ ಮೇಜಿನ ಮೇಲಿರುತ್ತದೆ. ಮಾಲು ತರುವಾಗ ಕೂತು ಓದಿ, ಟ್ಯಾಂಕಿನ ಕೆಳಗೆ ಬಗ್ಗಿಯೂ ನೋಡಿ.

ಇಂತಿ ನಿಮ್ಮ ವಿಶ್ವಾಸಿಗಳು,
ಪಾಲುದಾರರು ಮತ್ತು ಸಿಬ್ಬಂದಿ