ಲಿವರ್ ಹಾಕಿಸ್ಕೊಂಡು ಐದು ವರ್ಷ ಆಯ್ತು, ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು

ಇವತ್ತಿಗೆ ಸರಿಯಾಗಿ ಐದು ವರ್ಷ. ಬೆಳಗ್ಗೆನೇ ಹೋಗಿ ಟ್ಯಾಕ್ರೋಲಿಮಸ್ (ಹೊಸ ಲಿವರ್‌ನ ಮೈ ಒಪ್ಪದೆ ತಳ್ಳಿಹಾಕೋದನ್ನ, ಅಂದ್ರೆ ರಿಜೆಕ್ಷನ್‌ನ, ತಡೆಯೋ ಮಾತ್ರೆ) ರಕ್ತದಲ್ಲಿ ಎಷ್ಟಿದೆ ಅಂತ ನೋಡೋ ಟೆಸ್ಟ್‌ಗೆ ರಕ್ತ ಕೊಟ್ಟು ಬಂದೆ, ಇದಕ್ಕೆ ಮಾತ್ರೆ ತಗೊಳ್ಳೋ ಮುಂಚೆನೇ ಕೊಡ್ಬೇಕು, ಮೊದಲನೇ ಸಲ ನುಂಗ್ಕೊಂಡೇ ಹೋಗಿ ಸಿಸ್ಟರ್ ಹತ್ರ ಚೆನ್ನಾಗಿ ಬೈಸ್ಕೊಂಡಿದ್ದೆ.

ಮೊದಲ ಥ್ಯಾಂಕ್ಸ್ ನನಗೆ ಹೆಸರೂ ಗೊತ್ತಿಲ್ಲದ ಒಂದು ಮನೆಯವರಿಗೆ. ತಮ್ಮವರನ್ನ ಕಳ್ಕೊಂಡ ಆ ಹೊತ್ತಲ್ಲೂ ಲಿವರ್ ದಾನಕ್ಕೆ ಹೂಂ ಅಂದ್ರು. ಇದರ ಬಗ್ಗೆ ಜಾಸ್ತಿ ಬರೆಯೋಕೆ ಹೋದ್ರೆ ಕೈ ನಿಂತುಬಿಡುತ್ತೆ.

ಇನ್ನೊಬ್ರು ಡಾಕ್ಟರ್ ಥಾಮಸ್ ಸ್ಟಾರ್ಜಲ್, 2017ರಲ್ಲಿ ತೀರ್ಕೊಂಡ್ರು. ವೈಟಿಂಗ್ ಲಿಸ್ಟಲ್ಲಿದ್ದಾಗ ರಾತ್ರಿ ಎಲ್ಲಾ ಮೈ ಕೆರ್ಕೊಂಡು ನಿದ್ದೆ ಬರದೆ ಇವರ ಬಗ್ಗೆನೇ ಓದ್ತಿದ್ದೆ. 1963ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಮನುಷ್ಯರಿಗೆ ಮೊದಲ ಲಿವರ್ ಟ್ರಾನ್ಸ್‌ಪ್ಲಾಂಟ್ ಮಾಡಿದ್ದು ಇವರೇ, ಮೂರು ವರ್ಷದ ಮಗು, ರಕ್ತ ನಿಲ್ಲದೆ ಟೇಬಲ್ ಮೇಲೇ ಹೋಯ್ತು. ಆಮೇಲೆ ಮಾಡಿಸ್ಕೊಂಡ ನಾಲ್ಕಾರು ಜನ ಒಂದು ತಿಂಗಳೂ ದಾಟ್ಲಿಲ್ಲ, ಸಾಕು ಅಂತ ನಿಲ್ಲಿಸಿ ವಾಪಸ್ ಲ್ಯಾಬಿಗೆ ಹೋಗಿ ಕೂತ್ರು, 1967ರಲ್ಲಿ ಮತ್ತೆ ಕೈ ಹಾಕಿದಾಗ ಒಂದು ಪುಟ್ಟ ಹುಡುಗಿ ವರ್ಷದ ಮೇಲೆ ಬದುಕಿದ್ಲು. ಆಪರೇಷನ್‌ಗೆ ಮುಂಚೆ ತನಗೆ ವಿಪರೀತ ಭಯ ಆಗ್ತಿತ್ತು ಅಂತ ಅವರೇ ಬರ್ಕೊಂಡಿದಾರೆ, ಅದನ್ನ ಓದಿ ನನಗೆ ಯಾಕೋ ಧೈರ್ಯ ಬಂತು. ನಾನು ಸ್ಟ್ರೆಚರ್ ಮೇಲೆ ಒಳಗೆ ಹೋದಾಗ ಆ ಮಗುವಿನ ಅಪ್ಪ ಅಮ್ಮನೇ ನೆನಪಾಗ್ತಿದ್ರು. ಥ್ಯಾಂಕ್ಸ್ ಅವರಿಗೂ ಸೇರ್ಬೇಕು, ಬದುಕಿದವರ ಲೆಕ್ಕಾನೇ ಎಲ್ರೂ ಹೇಳ್ತಾರೆ.

ಟ್ಯಾಕ್ರೋಲಿಮಸ್ ಮಾತ್ರೆ ಕಥೆ ಇನ್ನೂ ವಿಚಿತ್ರ. ಜಪಾನಿನ ತ್ಸುಕುಬಾ ಅನ್ನೋ ಊರಿನ ಮಣ್ಣಲ್ಲಿದ್ದ ಬ್ಯಾಕ್ಟೀರಿಯಾದಿಂದ 1984ರಲ್ಲಿ ಸಿಕ್ಕಿದ್ದು, 1989ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಸ್ಟಾರ್ಜಲ್ ತಂಡದವರು ಬೇರೆ ಔಷಧಿಗೆ ರಿಜೆಕ್ಷನ್ ಬಗ್ಗದೇ ಇದ್ದ ಪೇಷೆಂಟ್‌ಗಳಿಗೆ ಮೊದಲು ಕೊಟ್ಟಿದ್ದು. ಕೈ ನಡುಗುತ್ತೆ ಅನ್ನೋದೊಂದೇ ಕಿರಿಕಿರಿ, ಬ್ಯಾಂಕಲ್ಲಿ ಸೈನ್ ಮ್ಯಾಚ್ ಆಗಲ್ಲ, ಇರ್ಲಿ ಬಿಡಿ.

ನನ್ನ ಸರ್ಜನ್, ಕೋಆರ್ಡಿನೇಟರ್, ನೈಟ್ ಡ್ಯೂಟಿ ಸಿಸ್ಟರ್‌ಗಳು, ಎಲ್ರಿಗೂ ಕೈ ಮುಗಿದೆ.

ಮತ್ತೆ ಅಕ್ಕ. ಐಸಿಯುನಲ್ಲಿ ಕನ್ನಡಿ ಇರ್ಲಿಲ್ಲ, ನಾಲ್ಕನೇ ದಿನ ಫೋನ್ ಕ್ಯಾಮೆರಾ ನನ್ನ ಕಡೆ ತಿರುಗಿಸಿ, ನೋಡೋ, ಕಣ್ಣು ಬೆಳ್ಳಗಾಗ್ತಿದೆ ಅಂದ್ಲು. ಹತ್ತಿರ ಹಿಡಿದು ನೋಡ್ದೆ, ಅರಿಶಿನ ಬಳಿದಂಗಿದ್ದದ್ದು ಮೂಲೆಯಲ್ಲಷ್ಟೇ ಉಳ್ಕೊಂಡಿತ್ತು. ಎದುರಿಗೆ ಥ್ಯಾಂಕ್ಸ್ ಅಂದ್ರೆ ಬೈತಾಳೆ, ಅದಕ್ಕೇ ಇಲ್ಲಿ ಬರ್ದಿದೀನಿ.