ಪದಕದ ಪಕ್ಕ ಸೂಜಿದಾರಕ್ಕೂ ಜಾಗವಿರಲಿ

ಮಾನ್ಯರೇ,

ಕಳೆದ ಡಿಸೆಂಬರ್ 16ರ ವಿಜಯ ದಿವಸಕ್ಕೆ ನಮ್ಮ ಕಡೆ ಒಂದು ಪ್ರದರ್ಶನ ಇಟ್ಟಿದ್ದರು. ಮಾಜಿ ಸೈನಿಕರ ಮನೆಗಳಿಂದ ಸಾಮಾನು ಕೇಳಿದ್ದರಿಂದ, ತೀರಿಕೊಂಡ ಅಪ್ಪನ ಕಪ್ಪು ಟ್ರಂಕನ್ನೇ ಆಟೋದಲ್ಲಿ ಹಾಕಿಕೊಂಡು ಹೋದೆ. ಸಂಘಟಕರು ಪಶ್ಚಿಮಿ ಸ್ಟಾರ್, ಸಂಗ್ರಾಮ್ ಪದಕ ಎರಡನ್ನು ಮಾತ್ರ ಎತ್ತಿಟ್ಟುಕೊಂಡು, "ಮಿಕ್ಕಿದ್ದೆಲ್ಲ ಮನೆ ಸಾಮಾನು, ವಾಪಸ್ ತಗೊಂಡೋಗಿ ಮೇಡಂ" ಅಂದರು.

ಪದಕಗಳ ಮೇಲೆ ನನಗೂ ಗೌರವವಿದೆ. ಆದರೆ ಅಂಥವು 1971ರ ಪಾಕಿಸ್ತಾನ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿದ್ದ ಸಾವಿರಾರು ಜನರ ಮನೆಯಲ್ಲಿವೆ. ಅಪ್ಪ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನವರು. ಗಡಿಯಾಚೆ ಪಾಕಿಸ್ತಾನದ ಶಕರ್‌ಗಢದ ಬಸಂತರ್ ಹೊಳೆಯ ಬಳಿ ನೆಲಬಾಂಬು ತೆಗೆದು ಟ್ಯಾಂಕ್‌ಗಳಿಗೆ ದಾರಿ ಮಾಡಿಕೊಟ್ಟವರಲ್ಲಿ ಒಬ್ಬರು. ಆ ಕೈಯ ಗುರುತು ಇದ್ದದ್ದು ವಾಪಸ್ ಬಂದ ಸಾಮಾನಿನಲ್ಲಿ.

ಸೇನೆಯಲ್ಲಿ ಸೂಜಿದಾರದ ಚೀಲಕ್ಕೆ 'ಹೌಸ್‌ವೈಫ್' ಅಂತಲೇ ಹೆಸರು. ಮದುವೆಯ ಹೊಸದರಲ್ಲಿ ಅಪ್ಪ "ನನ್ನ ಹೌಸ್‌ವೈಫ್ ಕಾಣ್ತಿಲ್ಲ" ಅಂದಾಗ, ಎಸ್ಸೆಸ್ಸೆಲ್ಸಿ ಓದಿದ್ದ ಅಮ್ಮ "ಇಲ್ಲೇ ನಿಂತಿದ್ದೀನಲ್ಲ" ಅಂದಿದ್ದರಂತೆ. ಮಾಸಿದ ಹಸಿರು ಬಟ್ಟೆ, ಸುತ್ತಿ ಲಾಡಿ ಕಟ್ಟಿದರೆ ಅಂಗೈಯಷ್ಟು. ಒಳಗೆ ಎರಡು ಸೂಜಿ, ದಾರದ ಉಂಡೆ, ನಾಲ್ಕು ಗುಂಡಿ. ಮೂರು ಹಸಿರು, ಒಂದು ಬಿಳಿ. ಬಿಳಿಯದು ಯಾರದೆಂದು ಕೇಳಿದಾಗಲೆಲ್ಲ ಅಪ್ಪ ಮಾತು ಬದಲಿಸುತ್ತಿದ್ದರು.

ಇನ್ನೊಂದು, ತಗಡಿನ ಡಬ್ಬಿ. ರಜೆ ಮುಗಿಸಿ ಹೊರಡುವಾಗ ಅಮ್ಮ ಅದರ ತುಂಬ ನಂಜನಗೂಡು ಹಲ್ಲುಪುಡಿ ಹಾಕಿ ಕಳಿಸುತ್ತಿದ್ದರು. ದಳದ ತಮಿಳು, ತೆಲುಗು, ಮಲಯಾಳಿ 'ತಂಬಿ'ಗಳೆಲ್ಲ ಚಿಟಿಕೆ ಚಿಟಿಕೆ ಕೇಳಿ ವಾರದಲ್ಲೇ ಖಾಲಿ ಮಾಡುತ್ತಿದ್ದರಂತೆ. ಯುದ್ಧದ ದಿನಗಳಲ್ಲಿ ಅದರಲ್ಲಿ ಇದ್ದದ್ದು ಬೆಂಕಿಕಡ್ಡಿ, ಮಾದಪ್ಪನ ಬೆಟ್ಟದ ವಿಭೂತಿ. ಇನ್‌ಲ್ಯಾಂಡ್ ಕಾಗದಗಳೂ ಇವೆ. ವಿಳಾಸ '56 ಎಪಿಒ' ಎಂಬ ಸೇನಾ ಅಂಚೆ ಕಚೇರಿಯ ನಂಬರು ಅಷ್ಟೇ, ಎಲ್ಲಿದ್ದೇನೆಂದು ಬರೆಯುವಂತಿಲ್ಲ. "ಇಲ್ಲಿಯ ಕಬ್ಬು ನಮ್ಮದಕ್ಕಿಂತ ಸಣ್ಣ" ಎಂಬ ಒಂದು ಸಾಲು ಓದಿ ಅಜ್ಜ ಪಂಜಾಬ್ ಕಡೆ ಇರಬೇಕೆಂದು ಲೆಕ್ಕ ಹಾಕಿದ್ದರಂತೆ.

ಪ್ರದರ್ಶನ ಮಾಡುವವರು ಇಂಥವಕ್ಕೂ ಒಂದು ಮೇಜು ಬಿಡಲಿ. ಮನೆಯವರೂ ಅಷ್ಟೇ, ಟ್ರಂಕನ್ನು ಗುಜರಿಗೆ ಹಾಕುವ ಮುಂಚೆ ಯಾವುದು ಏನೆಂದು ಹಿರಿಯರನ್ನು ಕೇಳಿ ಚೀಟಿ ಬರೆದಿಡಿ. ನಾನು ಕೇಳಲಿಲ್ಲ, ತಳದಲ್ಲಿರುವ ಹಿತ್ತಾಳೆ ಬೀಗದಕೈ ಯಾವುದರದ್ದೆಂದು ಈಗ ಅಮ್ಮನಿಗೂ ಗೊತ್ತಿಲ್ಲ.

ಮುಂದಿನ ಡಿಸೆಂಬರ್‌ಗೆ ಯಾರಾದರೂ ಕೇಳಿದರೆ ಟ್ರಂಕ್ ಮತ್ತೆ ತರುತ್ತೇನೆ. ಹಲ್ಲುಪುಡಿ ಡಬ್ಬಿಯೊಂದನ್ನು ಮಾತ್ರ ಅಮ್ಮ ಕೊಡುವುದಿಲ್ಲವಂತೆ. ಈಗ ಅದರಲ್ಲಿ ಅವರ ಅಡಿಕೆ ಇದೆ.

– ಸೈನಿಕರೊಬ್ಬರ ಮಗಳು, ಕೊಳ್ಳೇಗಾಲ