ಬ್ಲಾಗ್ ಸಾಗಿಸುವಾಗ ಚಿತ್ರಗಳು ಉಳಿಯಲಿ

ಮಾನ್ಯರೇ,

ಗೂಗಲ್‌ನ ಬ್ಲಾಗ್ ಸೇವೆಯಾದ ಬ್ಲಾಗರ್‌ನಲ್ಲಿ ವರ್ಷಗಟ್ಟಲೆ ಬರೆದ ಎಷ್ಟೋ ಕನ್ನಡಿಗರು ಬ್ಲಾಗ್ ನಡೆಸುವ ಇನ್ನೊಂದು ವ್ಯವಸ್ಥೆಯಾದ ವರ್ಡ್‌ಪ್ರೆಸ್‌ಗೆ ಹೋಗುತ್ತಿದ್ದಾರೆ. ಹೋಗಲಿ, ಒಳ್ಳೆಯದೇ. ಆದರೆ ಬ್ಲಾಗರ್‌ನಿಂದ ಇಳಿಸಿಕೊಂಡು ವರ್ಡ್‌ಪ್ರೆಸ್‌ಗೆ ಹಾಕುವ ಬ್ಯಾಕಪ್ ಫೈಲಿನಲ್ಲಿ ಬರಹ, ಕಾಮೆಂಟು ಇರುತ್ತವೆಯೇ ಹೊರತು ಚಿತ್ರಗಳು ಇರುವುದಿಲ್ಲ, ಅವುಗಳ ವಿಳಾಸ ಮಾತ್ರ ಇರುತ್ತದೆ. ಹೊಸ ತಾಣದಲ್ಲಿ ಚಿತ್ರ ಕಾಣುತ್ತಿದೆ ಅಲ್ವಾ, ಕೆಲಸ ಮುಗಿಯಿತು ಅಂದುಕೊಂಡು ಹಳೆಯ ಬ್ಲಾಗನ್ನೂ ಅದರ ಚಿತ್ರಗಳನ್ನೂ ಅಳಿಸಿಬಿಟ್ಟರೆ, ಹಂಪಿ ಪ್ರವಾಸದ ಬರಹದಲ್ಲಿ ಕಲ್ಲಿನ ರಥ ಇದ್ದ ಜಾಗದಲ್ಲಿ ಖಾಲಿ ಚೌಕ ಉಳಿಯುತ್ತದೆ. ಚಿತ್ರದ ವಿಳಾಸ ತೆರೆದು ನೋಡಿ. ಅದರಲ್ಲಿ ಇನ್ನೂ ಬ್ಲಾಗ್‌ಸ್ಪಾಟ್ ಅಥವಾ ಗೂಗಲ್‌ಯೂಸರ್‌ಕಂಟೆಂಟ್ ಅಂತ ಇದ್ದರೆ ಚಿತ್ರ ಬಂದೇ ಇಲ್ಲ. ಗೂಗಲ್‌ನಲ್ಲಿರುವ ನಮ್ಮ ಮಾಹಿತಿಯನ್ನು ಇಳಿಸಿಕೊಳ್ಳುವ ಸೇವೆಯಾದ ಗೂಗಲ್ ಟೇಕ್‌ಔಟ್‌ನಿಂದ ಚಿತ್ರಗಳನ್ನೂ ತರಿಸಿಕೊಳ್ಳಿ.

ಕನ್ನಡ ಶೀರ್ಷಿಕೆಗಳದ್ದು ಇನ್ನೊಂದು ತೊಂದರೆ. ನಾವು ಬೇರೆ ಕೊಡದಿದ್ದರೆ ವರ್ಡ್‌ಪ್ರೆಸ್ ಶೀರ್ಷಿಕೆಯಿಂದಲೇ ಪುಟದ ವಿಳಾಸ ಮಾಡುತ್ತದೆ. ವೆಬ್ ವಿಳಾಸದಲ್ಲಿ ನಮ್ಮ ಒಂದೊಂದು ಅಕ್ಷರವೂ, ಒಂದೊಂದು ಗುಣಿತದ ಚಿಹ್ನೆಯೂ ಬೇರೆಬೇರೆಯಾಗಿ 9 ಸಂಕೇತಗಳಾಗಿ ಹಿಗ್ಗುತ್ತದೆ. ವರ್ಡ್‌ಪ್ರೆಸ್ 200 ಸಂಕೇತಕ್ಕೆ ನಿಲ್ಲಿಸುತ್ತದೆ. ಅಂದರೆ ಅಕ್ಷರ, ಚಿಹ್ನೆ ಎಲ್ಲ ಸೇರಿ 22 ಆದಮೇಲೆ ವಿಳಾಸದಲ್ಲಿ ಶೀರ್ಷಿಕೆ ಅಲ್ಲೇ ತುಂಡು. ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ನೀವೇ ಬರೆಯುವುದು ವಾಸಿ. ಹಳೆಯ ಕೊಂಡಿ ಒತ್ತಿದವರು ಹೊಸ ಪುಟಕ್ಕೇ ಬರುವಂತೆಯೂ ಮಾಡಬೇಕು, ಇದನ್ನಂತೂ ಬಿಡಲೇಬೇಡಿ.

ಈ ಮಾತು ಪತ್ರಿಕೆಗಳಿಗೂ ಸೇರಿದ್ದು. ವೆಬ್‌ಸೈಟ್ ಹೊಸದಾದಾಗಲೆಲ್ಲ ಹಳೆಯ ಲೇಖನಗಳ ಕೊಂಡಿಗಳು ಸುಮ್ನೆ ಸತ್ತುಹೋಗುತ್ತವೆ, ಓದುಗರಿಗೆ ತುಂಬಾ ಬೇಜಾರಾಗುತ್ತದೆ. ನಿಮ್ಮ ತಂತ್ರಜ್ಞಾನ ಅಂಕಣದಲ್ಲಿ ಈ ಸಾಗಣೆಯ ಬಗ್ಗೆ ಬಿಡಿಸಿ ಬರೆಸಿ, ದಯವಿಟ್ಟು.

– ಒಬ್ಬ ಓದುಗ, ಶಿವಮೊಗ್ಗ